ನರ್ಸಿಂಗ್ ಸೇರುವ ಮುನ್ನ ಒಂದು ರಾತ್ರಿ ವಾರ್ಡಿನಲ್ಲಿ ಕೂತು ನೋಡಿ

ನೀಟ್ ರ‍್ಯಾಂಕ್ ಕೈಕೊಟ್ಟ ವಾರ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ‘ಎಂಬಿಬಿಎಸ್ ಸಿಗಲ್ಲ, ಬಿಡು. ನರ್ಸಿಂಗ್‌ಗೆ ಹಾಕಿದರೆ ಕೆಲಸ ಗ್ಯಾರಂಟಿ, ಫಾರಿನ್ನಿಗೂ ಹೋಗಬಹುದು’ ಎಂದು ಸೋದರಮಾವ ಹೇಳುತ್ತಾರೆ. ‘ರಾತ್ರಿ ಡ್ಯೂಟಿ, ಕಂಡವರ ಹೇಲುಚ್ಚೆ ಬಳಿಯೋದು, ನಮ್ಮ ಮಗೂಗ್ಯಾಕೆ ಆ ಕೆಲಸ’ ಎಂದು ಅಜ್ಜಿ ಅಡ್ಡ ಬರುತ್ತಾರೆ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಇಬ್ಬರೂ ವಾರ್ಡನ್ನು ನೋಡಿರುವುದು ರೋಗಿಯ ಕಡೆಯವರಾಗಿ, ಹಣ್ಣಿನ ಚೀಲ ಹಿಡಿದು. ಅಲ್ಲಿ ದುಡಿಯಬೇಕಾದವರು ನೀವು. ಹಾಗಾಗಿ ಅರ್ಜಿ ತುಂಬುವ ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವ ಕೆಲವು ದಾರಿಗಳು ಇಲ್ಲಿವೆ.

ತರಬೇತಿ ಪಡೆದ ನರ್ಸ್ ಎಂಬ ವೃತ್ತಿ ಗಟ್ಟಿಯಾಗಿ ಬೇರೂರಿದ್ದು 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದ ಮೇಲೆ. ನಮ್ಮ ದೇಶದಲ್ಲಿ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಶುರುವಾಯಿತು. ಮರುವರ್ಷವೇ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. 2023ರಲ್ಲಿ ಸಂಸತ್ತು ಅದರ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಒಪ್ಪಿಕೊಂಡಿದೆ. ಇತಿಹಾಸ ಇಷ್ಟು ಸಾಕು.

ಕೆಲಸದ ತಿರುಳು ಏನು?

ಡಾಕ್ಟರು ರೌಂಡ್ಸ್‌ಗೆ ಬಂದಾಗ ಒಬ್ಬ ರೋಗಿಯ ಬಳಿ ನಿಲ್ಲುವುದು ಕೆಲವೇ ನಿಮಿಷ. ಮಿಕ್ಕ ಹೊತ್ತಿನಲ್ಲಿ ಆ ರೋಗಿಯಲ್ಲಿ ಏನಾದರೂ ಏರುಪೇರಾದರೆ ಅದು ಕಣ್ಣಿಗೆ ಬೀಳಬೇಕಾದದ್ದು ನರ್ಸ್‌ಗೆ. ದೊಡ್ಡವರ ಉಸಿರಾಟ ನಿಮಿಷಕ್ಕೆ 12ರಿಂದ 20 ಇರುತ್ತದೆ. ರಾತ್ರಿ ಎರಡಕ್ಕೆ ಅದು 28 ಆಗಿದ್ದರೆ, ಬಿಪಿ ಇನ್ನೂ ಸರಿ ಇದ್ದರೂ, ಒಳಗೆ ಏನೋ ಕೆಡುತ್ತಿದೆ ಎಂದೇ ಲೆಕ್ಕ. ಎಣಿಸದೆ ಚಾರ್ಟಿನಲ್ಲಿ 18 ಎಂದು ಗೀಚಿಬಿಟ್ಟರೆ ಬೆಳಗಿನವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೂ ಅಂಥದ್ದೇ. ಬದಲಿಸದಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಖಂಡಕ್ಕೆ ರಕ್ತ ಹರಿಯದೆ ಅದು ಕೊಳೆಯತೊಡಗುತ್ತದೆ. ತಿರುಗಿಸಿದ್ದಕ್ಕೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ, ಹುಣ್ಣಾದಾಗ ಮಾತ್ರ ಎಲ್ಲರೂ ಕೇಳುತ್ತಾರೆ.

ನರ್ಸಿಂಗ್‌ಗೆ ಬರುವವರಿಗೆ ‘ಸೇವಾ ಮನೋಭಾವ’ ಬೇಕು ಎಂದು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅಳುವ ರೋಗಿಯನ್ನು ಕಂಡು ಕರಗುವವರೆಲ್ಲ ಒಳ್ಳೆಯ ನರ್ಸ್ ಆಗುವುದಿಲ್ಲ. ಸುಸ್ತಾದಾಗಲೂ, ಯಾರೂ ನೋಡದಿದ್ದಾಗಲೂ ಎಣಿಸಿಯೇ ಬರೆಯುವ ಜಾತಿಯವರು ಆಗುತ್ತಾರೆ. ಮರುಕ ಕೆಲಸ ಮಾಡುತ್ತಾ ಬೆಳೆಯಬಹುದು, ಈ ನಿಯತ್ತು ಸೇರುವಾಗಲೇ ಸ್ವಲ್ಪ ಇರಬೇಕು. ಕೆಳಗಿನ ಪರೀಕ್ಷೆಗಳು ಅದನ್ನೇ ಹುಡುಕುತ್ತವೆ.

ಆರು ಪರೀಕ್ಷೆ

1. ಉಸಿರು ಎಣಿಸಿ. ಮನೆಯಲ್ಲಿ ಅಜ್ಜನೋ ಅಮ್ಮನೋ ಕೂತಿರುವಾಗ ಅವರ ಎದೆಯ ಏರಿಳಿತವನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಮೊದಲೇ ಹೇಳಬೇಡಿ, ಹೇಳಿದರೆ ಉಸಿರಿನ ಲಯ ಬದಲಾಗುತ್ತದೆ. ದಿನಕ್ಕೆ ನಾಲ್ಕು ಸಲ, ಒಂದು ವಾರ, ಸಮಯದ ಜೊತೆ ಬರೆದಿಡಿ. ಮೂರನೇ ದಿನಕ್ಕೆ ಬೇಜಾರು ಬರುತ್ತದೆ. ಆಗ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಆಸೆಯಾಗುತ್ತದೆ, ಆಮೇಲೆ ಎಣಿಸದೆಯೇ ಬರೆಯುವ ಆಸೆ. ಆ ಆಸೆ ಬಂದಾಗ ನೀವು ಏನು ಮಾಡಿದಿರಿ ಎಂಬುದನ್ನು ನಿಮಗೆ ನೀವೇ ಮುಚ್ಚುಮರೆಯಿಲ್ಲದೆ ಒಪ್ಪಿಸಿ. ಆರರಲ್ಲಿ ಒಂದನ್ನೇ ಮಾಡುತ್ತೀರೆಂದರೆ ಇದನ್ನು ಮಾಡಿ.

2. ಒಂದು ರಾತ್ರಿ ವಾರ್ಡಿನಲ್ಲಿ ಕಳೆಯಿರಿ. ನೆಂಟರೋ ಅಕ್ಕಪಕ್ಕದವರೋ ಆಸ್ಪತ್ರೆ ಸೇರಿದಾಗ ‘ಈ ರಾತ್ರಿ ನಾನಿರ್ತೀನಿ’ ಎಂದು ಮುಂದೆ ಬನ್ನಿ. ಜಿಲ್ಲಾಸ್ಪತ್ರೆಯ ಜನರಲ್ ವಾರ್ಡ್ ಆದರೆ ಇನ್ನೂ ಒಳ್ಳೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8 ಎಂಬ ಪಾಳಿ ಸಾಮಾನ್ಯ. ರಾತ್ರಿ ಎಂಟಕ್ಕೆ ಪಾಳಿ ಬದಲಾಗುವಾಗ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವುದನ್ನು ಗಮನಿಸಿ. ಯಾರಿಗೆ ಬೆಳಿಗ್ಗೆ ಆಪರೇಷನ್, ಯಾರ ಮೂತ್ರ ಕಡಿಮೆಯಾಗಿದೆ, ಯಾವ ಔಷಧಿ ಬಾಕಿ, ಎಲ್ಲವೂ ಅಲ್ಲಿ ಬರುತ್ತದೆ. ‘ಸಿಸ್ಟರ್, ಡ್ರಿಪ್ ಮುಗೀತು’ ಎಂಬ ಕೂಗು ಎಷ್ಟು ಸಲ ಕೇಳಿತು, ಅವರು ಎಷ್ಟು ಸಲ ಕೂತರು, ಎಷ್ಟು ಹೊತ್ತು ಬರೆಯುತ್ತಿದ್ದರು, ನೋಡಿ. ಬರೆಯುವ ಕೆಲಸ ಎಷ್ಟಿದೆ ಎಂಬುದು ಹೊಸಬರಿಗೆ ದೊಡ್ಡ ಅಚ್ಚರಿ. ಬೆಳಗಿನ ಜಾವ ನಾಲ್ಕಕ್ಕೆ ಅವರ ಮುಖ ನೋಡಿ, ಆಮೇಲೆ ಅದೇ ಹೊತ್ತಿನಲ್ಲಿ ನಿಮ್ಮ ತಲೆ ಎಷ್ಟು ಚುರುಕಾಗಿದೆ ಎಂದು ನೋಡಿಕೊಳ್ಳಿ. ಕೆಲಸದ ನಡುವೆ ಅವರನ್ನು ಪ್ರಶ್ನೆ ಕೇಳಿ ಕಾಡಬೇಡಿ.

3. ಮೈ ಮುಟ್ಟುವ ಕೆಲಸ ಮಾಡಿ. ಮಲಗಿದಲ್ಲೇ ಇರುವ ಹಿರಿಯರಿಗೆ ಮೈ ಒರೆಸುವುದು, ಡೈಪರ್ ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ಬಾಯಿ ತೊಳೆಸುವುದು, ಕೆಲವು ದಿನ ನೀವೇ ಮಾಡಿ. ನಾತಕ್ಕೆ ವಾಕರಿಕೆ ಬಂದರೆ ಹೆದರಬೇಡಿ, ಮೂಗಿಗೆ ಬೇಗ ಅಭ್ಯಾಸವಾಗುತ್ತದೆ. ರಕ್ತ ಕಂಡು ತಲೆ ತಿರುಗುವುದೂ ಅಷ್ಟೇ. ಮೊದಲ ಸಲ ಆಪರೇಷನ್ ಥಿಯೇಟರ್‌ನಲ್ಲಿ ಕುಸಿದುಬಿದ್ದ ವಿದ್ಯಾರ್ಥಿಗಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಆಮೇಲೆ ಅದೇ ಥಿಯೇಟರಿನಲ್ಲಿ ಕೆಲಸ ಮಾಡುತ್ತಾರೆ. ನೋಡಿಕೊಳ್ಳಬೇಕಾದ್ದು ಬೇರೆ ಇದೆ. ಗುರುತಿಲ್ಲದವರ, ಬಡವರ, ಬೇರೆ ಜಾತಿ ಬೇರೆ ಧರ್ಮದವರ ಮೈ ಮುಟ್ಟಲು ಒಳಗೆಲ್ಲೋ ಹಿಂಜರಿಕೆ ಇದೆಯೇ? ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದವರು ಈ ಪ್ರಶ್ನೆಯನ್ನು ಈಗಲೇ ಎದುರಿಸಬೇಕು. ವಾರ್ಡಿನಲ್ಲಿ ಅದು ಮುಚ್ಚಿಡಲಾಗದು, ರೋಗಿಗೆ ಕೈಯ ಸ್ಪರ್ಶದಲ್ಲೇ ತಿಳಿದುಬಿಡುತ್ತದೆ.

4. ಲೆಕ್ಕ ಮಾಡಿ. 500 ಎಂ.ಎಲ್. ಡ್ರಿಪ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ? 500 ಗುಣಿಸು 20, ಭಾಗಿಸು 240, ಸುಮಾರು 42. ಇನ್ನೊಂದು: 5 ಎಂ.ಎಲ್.ನಲ್ಲಿ 250 ಮಿ.ಗ್ರಾಂ. ಇರುವ ಸಿರಪ್, ಮಗುವಿಗೆ 150 ಮಿ.ಗ್ರಾಂ. ಬೇಕು. 3 ಎಂ.ಎಲ್. ಕೊಡಬೇಕು. ಗಣಿತ ಇಷ್ಟೇ, ಹೈಸ್ಕೂಲಿನದು. ಆದರೆ ಪಕ್ಕದಲ್ಲಿ ಇಬ್ಬರು ಮಾತಾಡಿಸುತ್ತಿರುವಾಗ ಹತ್ತಕ್ಕೆ ಹತ್ತೂ ಸರಿ ಬರಬೇಕು. ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಬಂದರೆ ಡಿಸ್ಟಿಂಕ್ಷನ್, ವಾರ್ಡಿನಲ್ಲಿ ಆ ಹತ್ತನೆಯದು ಒಬ್ಬ ಮನುಷ್ಯ. ಲೆಕ್ಕ ತಪ್ಪಾದರೆ ಎದೆಗುಂದಬೇಡಿ, ಅಭ್ಯಾಸದಿಂದ ಸರಿಹೋಗುತ್ತದೆ. ಮತ್ತೊಮ್ಮೆ ತಾಳೆ ನೋಡುವ ಗುಣ ನಿಮಗಿದೆಯೇ ಎಂಬುದು ಮುಖ್ಯ.

5. ಬೈಸಿಕೊಂಡಾಗ ನೀವು ಹೇಗಿರುತ್ತೀರಿ? ರೋಗಿಯ ಕಡೆಯವರ ಸಿಟ್ಟು ಡಾಕ್ಟರ ಮೇಲಿದ್ದರೂ ಎದುರಿಗೆ ಸಿಗುವವರು ನೀವು. ಇತ್ತ ಡಾಕ್ಟರೂ ಗದರುತ್ತಾರೆ, ಅತ್ತ ಇನ್‌ಚಾರ್ಜ್ ಸಿಸ್ಟರೂ. ಹಲ್ಲೆ ಮಾಡಿದವರನ್ನು ಶಿಕ್ಷಿಸಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಅದು ನರ್ಸ್‌ಗಳನ್ನೂ ಒಳಗೊಳ್ಳುತ್ತದೆ. ಆದರೆ ದಿನನಿತ್ಯದ ಒರಟು ಮಾತಿಗೆ ಯಾವ ಕಾಯ್ದೆಯೂ ಒದಗುವುದಿಲ್ಲ. ಬೈದಾಗ ಬಾಯಿ ಕಟ್ಟಿಹೋಗುವವರಿಗೂ ತಿರುಗಿ ಎಗರುವವರಿಗೂ ಮೊದಲ ಎರಡು ವರ್ಷ ಕಷ್ಟ. ‘ಸರ್, ಈ ಡೋಸ್ ಜಾಸ್ತಿ ಅನ್ನಿಸ್ತಿದೆ, ಇನ್ನೊಂದ್ಸಲ ನೋಡ್ತೀರಾ’ ಎಂದು ಹಿರಿಯ ಡಾಕ್ಟರಿಗೆ ಹೇಳಬೇಕಾದ ದಿನ ಬರುತ್ತದೆ. ಅವತ್ತು ಸುಮ್ಮನಿರುವುದು ವಿನಯ ಅನ್ನಿಸಿಕೊಳ್ಳುವುದಿಲ್ಲ.

6. ಮೂವರು ನರ್ಸ್‌ಗಳನ್ನು ಮಾತಾಡಿಸಿ. ಖಾಸಗಿ ಆಸ್ಪತ್ರೆಗೆ ಸೇರಿ ಒಂದೆರಡು ವರ್ಷವಾದವರು ಒಬ್ಬರು, ಸರ್ಕಾರಿ ನೌಕರಿಯಲ್ಲಿ ಹಳಬರಾದವರು ಒಬ್ಬರು, ಕೆಲಸ ಬಿಟ್ಟವರು ಒಬ್ಬರು. ‘ಈ ಕೆಲಸ ಹೇಗಿದೆ’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಸಿಗುತ್ತದೆ. ಹೋದ ವಾರ ಎಷ್ಟು ರಾತ್ರಿ ಪಾಳಿ ಬಂತು, ಒಬ್ಬರ ಕೈಗೆ ಎಷ್ಟು ರೋಗಿಗಳು, ಊಟ ಎಷ್ಟಕ್ಕೆ ಆಯಿತು, ಕೈಗೆ ಸಂಬಳ ಎಷ್ಟು ಬರುತ್ತದೆ ಎಂದು ಕೇಳಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬರು, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು ನರ್ಸ್ ಇರಬೇಕು. ಅವರು ಹೇಳುವ ಸಂಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ದಣಿವು ಎಲ್ಲಿಂದ ಬರುತ್ತದೆಂದು ಗೊತ್ತಾಗುತ್ತದೆ. ಕೆಲಸ ಬಿಟ್ಟವರ ಮಾತನ್ನು ತಪ್ಪಿಸಬೇಡಿ. ಕೆಲಸವೇ ಒಗ್ಗದೆ ಬಿಟ್ಟರೋ, ಸಂಬಳ, ಮದುವೆ, ಮಗು ಇಂಥ ಕಾರಣಕ್ಕೆ ಬಿಟ್ಟರೋ ಎಂದು ಬಿಡಿಸಿ ಕೇಳಿ. ಎರಡೂ ಒಂದೇ ಅಲ್ಲ.

ಯಾವ ಕೋರ್ಸ್?

ಕೆಲಸ ಒಗ್ಗುತ್ತದೆ ಅನ್ನಿಸಿದ ಮೇಲೆ ಕೋರ್ಸಿನ ಮಾತು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಶೇ 45 ಅಂಕ ಬೇಕು, ಪರಿಶಿಷ್ಟರಿಗೆ ಶೇ 40. ಇಂಗ್ಲಿಷ್ ಪಾಸಾಗಿರಬೇಕು, ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ನಮ್ಮ ರಾಜ್ಯದಲ್ಲಿ ಇದರ ಸೀಟು ಹಂಚಿಕೆ ಈಗ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ನಡೆಯುತ್ತದೆ. ನೀಟ್ ಒಂದನ್ನೇ ನಂಬಿ ಸಿಇಟಿಗೆ ಅರ್ಜಿಯನ್ನೇ ಹಾಕದೆ ಆಮೇಲೆ ಪೇಚಾಡುವವರು ಕಮ್ಮಿ ಇಲ್ಲ.

ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ, ಕಲೆ ಅಥವಾ ವಾಣಿಜ್ಯ ಓದಿದವರೂ ಸೇರಬಹುದು. ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವೀಧರರಾಗಬಹುದು. ವಿಜ್ಞಾನ ಓದಿ ಅಂಕವೂ ಇದ್ದರೆ ನೇರ ಬಿ.ಎಸ್ಸಿ.ಗೇ ಹೋಗಿ ಎಂದು ನನ್ನ ಸಲಹೆ. ಮೂರು ಮತ್ತು ಎರಡು ಸೇರಿ ಐದಾಗುತ್ತದೆ. ಎಎನ್‌ಎಂ ಎರಡು ವರ್ಷದ್ದು. ಊರೂರು ಸುತ್ತಿ ಗರ್ಭಿಣಿಯರನ್ನು, ಬಾಣಂತಿಯರನ್ನು, ಮಕ್ಕಳ ಲಸಿಕೆಯನ್ನು ನೋಡಿಕೊಳ್ಳುವ ಕೆಲಸ. ವಾರ್ಡಿನ ಗೋಡೆಯೊಳಗೆ ಇರಲಾಗದವರಿಗೆ, ಜನರ ಜೊತೆ ಬೆರೆಯುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಅಂಗರಚನಾಶಾಸ್ತ್ರದ ದಪ್ಪ ಪುಸ್ತಕ ಕಂಡು ಮೊದಲ ಸೆಮಿಸ್ಟರಿನಲ್ಲೇ ಕಂಗಾಲಾಗುತ್ತಾರೆ. ಇದು ಯೋಗ್ಯತೆಯ ಕೊರತೆಯಲ್ಲ, ಪದಗಳ ಕೊರತೆ. ಕಾಲೇಜು ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ದೇಹದ ಭಾಗಗಳ ಇಂಗ್ಲಿಷ್ ಹೆಸರು, ಉಚ್ಚಾರಣೆ, ಕಾಗುಣಿತವನ್ನು ದಿನಕ್ಕೆ ಹತ್ತರಂತೆ ಬರೆದು ಕಲಿತರೆ ಅರ್ಧ ಭಯ ಇಳಿಯುತ್ತದೆ. ವಾರ್ಡಿಗೆ ಹೋದಾಗ ಕನ್ನಡ ಮಾಧ್ಯಮದವರೇ ಗೆಲ್ಲುತ್ತಾರೆ ಎಂಬುದನ್ನೂ ಹೇಳಬೇಕು. ಹಾವೇರಿಯ ಅಜ್ಜಿ ‘ಎದ್ಯಾಗ ಚುಚ್ಚಿದಂಗ ಆಗಾಕತ್ತೇತಿ’ ಅಂದರೆ ಬೇಗ ಅರ್ಥವಾಗುವುದು ಯಾರಿಗೆ?

ಹುಡುಗರಿಗೆ ಒಂದು ಮಾತು. ಬಿ.ಎಸ್ಸಿ., ಜಿಎನ್‌ಎಂ ಎರಡೂ ನಿಮಗೆ ತೆರೆದಿವೆ, ವಾರ್ಡಿನಲ್ಲಿ ‘ಬ್ರದರ್’ ಎಂದು ಕರೆಯುತ್ತಾರೆ. ತುರ್ತು ವಿಭಾಗ, ಡಯಾಲಿಸಿಸ್, ಮನೋರೋಗ ವಿಭಾಗಗಳಲ್ಲಿ ಗಂಡಸರಿಗೆ ಬೇಡಿಕೆ ಇದೆ. ಆದರೆ ಏಮ್ಸ್ ಆಸ್ಪತ್ರೆಗಳ ನೇಮಕಾತಿ ಪರೀಕ್ಷೆಯಲ್ಲಿ ಶೇ 80ರಷ್ಟು ಹುದ್ದೆ ಮಹಿಳೆಯರಿಗೆ, ನಿಮಗೆ ಉಳಿಯುವುದು ಶೇ 20. ಹೆರಿಗೆ ವಾರ್ಡಿನಲ್ಲಿ ನಿಮ್ಮನ್ನು ಒಲ್ಲೆ ಎನ್ನುವ ರೋಗಿಗಳೂ ಇರುತ್ತಾರೆ. ಇದು ಗೊತ್ತಿದ್ದು ಬನ್ನಿ.

ದುಡ್ಡಿನ ಲೆಕ್ಕ

ಏಮ್ಸ್, ನಿಮ್ಹಾನ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಯ ಆರಂಭದ ಮೂಲ ವೇತನ 7ನೇ ವೇತನ ಆಯೋಗದ ಪ್ರಕಾರ ತಿಂಗಳಿಗೆ 44,900 ರೂ., ಭತ್ಯೆಗಳು ಬೇರೆ. ಸೋದರಮಾವ ಹೇಳುವುದು ಈ ಅಂಕಿಯನ್ನು. ಅವರು ಹೇಳದೆ ಬಿಡುವುದು ಏನೆಂದರೆ, ಓದು ಮುಗಿಸಿದ ಹೆಚ್ಚಿನವರು ಮೊದಲು ಕಾಲಿಡುವುದು ಖಾಸಗಿ ಆಸ್ಪತ್ರೆಗೆ, ಅಲ್ಲಿನ ಆರಂಭದ ಸಂಬಳ ಇದರ ಹತ್ತಿರಕ್ಕೂ ಬರುವುದಿಲ್ಲ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2016ರಲ್ಲಿ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂ.ಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದರೆ ಸರ್ಕಾರಿ ನರ್ಸ್‌ನಷ್ಟೇ ಕೊಡಬೇಕು ಎಂದಿತು. ಶಿಫಾರಸು ಕಾಗದದಲ್ಲಿದೆ, ಸಂಬಳದ ಚೀಟಿಗೆ ಎಲ್ಲ ಕಡೆ ಇಳಿದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲೂ ಗುತ್ತಿಗೆ ನರ್ಸ್‌ಗಳ ಸಂಬಳ ಕಾಯಂ ನೌಕರರಿಗಿಂತ ಕಡಿಮೆ.

ಆದ್ದರಿಂದ ಸಾಲ ಮಾಡುವ ಮುನ್ನ ಹೀಗೆ ಲೆಕ್ಕ ಹಾಕಿ: ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲ ಕೂಡಿ. ಮೊದಲ ಮೂರು ವರ್ಷದ ಸಂಬಳ 20,000 ರೂ. ಎಂದು ಹಿಡಿಯಿರಿ. ಊಟ ಬಾಡಿಗೆ ಕಳೆದು ಉಳಿದದ್ದರಲ್ಲಿ ಕಂತು ಕಟ್ಟಲಾಗುತ್ತದೆಯೇ? ಆಗದಿದ್ದರೆ ಆ ಕಾಲೇಜು ಬೇಡ, ಸರ್ಕಾರಿ ಸೀಟಿಗೆ ಪ್ರಯತ್ನಿಸಿ ಅಥವಾ ಕಡಿಮೆ ಶುಲ್ಕದ್ದನ್ನು ಹುಡುಕಿ. ಜಮೀನು ಅಡವಿಟ್ಟು ಓದುವ ಕೋರ್ಸ್ ಇದಲ್ಲ.

ಹೆಚ್ಚಾಗಿ ಆಗುವ ತಪ್ಪುಗಳು

ಎಂಬಿಬಿಎಸ್ ಸಿಗದ್ದಕ್ಕೆ ಸಮಾಧಾನವೆಂದು ಸೇರುವುದು ಮೊದಲನೆಯದು. ಡಾಕ್ಟರಾಗಲಿಲ್ಲ ಎಂಬ ಕೊರಗು ಇಟ್ಟುಕೊಂಡು ದಿನವೂ ಡಾಕ್ಟರ ಪಕ್ಕದಲ್ಲೇ ಕೆಲಸ ಮಾಡುವುದು ಹಿಂಸೆ. ಇನ್ನೊಂದು ವರ್ಷ ನೀಟ್ ಬರೆಯುವ ಆಸೆ ನಿಜವಾಗಿಯೂ ಇದ್ದರೆ ಅದನ್ನು ಮುಗಿಸಿಕೊಂಡೇ ಬನ್ನಿ.

ಫಾರಿನ್ ಆಸೆಯೊಂದರಿಂದಲೇ ಸೇರುವುದು ಎರಡನೆಯದು. ಅಮೆರಿಕಕ್ಕೆ ಹೋಗಲು ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು, ಅದರ ಕೇಂದ್ರ ಬೆಂಗಳೂರಿನಲ್ಲೇ ಇದೆ. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ. ಜರ್ಮನಿಗೆ ಜರ್ಮನ್ ಭಾಷೆಯನ್ನೇ ಕಲಿಯಬೇಕು. ಕೊಲ್ಲಿ ದೇಶಗಳು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತವೆ. ಎಲ್ಲಿಗೇ ಹೋದರೂ ಅಲ್ಲಿ ಕಾಯುತ್ತಿರುವುದು ಅದೇ ವಾರ್ಡ್, ಅದೇ ರಾತ್ರಿ. ಇಲ್ಲಿ ಬೇಡವಾದ ಕೆಲಸ ದುಬೈಯಲ್ಲಿ ಇಷ್ಟವಾಗುವುದಿಲ್ಲ. ಏಜೆಂಟ್ ಮೂಲಕ ಹೋಗುವುದಾದರೆ ಅವನ ಪರವಾನಗಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಿ. ಪರವಾನಗಿ ಇರುವವರೂ ಅಭ್ಯರ್ಥಿಯಿಂದ 30,000 ರೂ. ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ.

ಮೂರನೆಯದು, ರಾತ್ರಿ ಪಾಳಿಯ ಮಾತನ್ನು ಮದುವೆಯ ಹೊತ್ತಿಗೆ ಮುಂದೂಡುವುದು. ‘ಮದುವೆ ಆದ್ಮೇಲೆ ನೈಟ್ ಡ್ಯೂಟಿ ಮಾಡಿಸಬೇಡಿ’ ಎನ್ನುವ ಬೀಗರು ಇನ್ನೂ ಇದ್ದಾರೆ. ವಾರ್ಡಿನ ನರ್ಸ್‌ಗೆ ರಾತ್ರಿ ಇಲ್ಲದ ನೌಕರಿ ಅಪರೂಪ. ಹೊರರೋಗಿ ವಿಭಾಗ, ಬೋಧನೆ, ಸಮುದಾಯ ಆರೋಗ್ಯದಂಥ ಹಗಲು ಕೆಲಸಗಳಿವೆ, ಆದರೆ ಅವು ಸೇರಿದ ಮೊದಲ ದಿನವೇ ಕೈಗೆ ಬರುವುದಿಲ್ಲ. ಅಪ್ಪ ಅಮ್ಮನ ಜೊತೆ ಈ ಮಾತನ್ನು ಸೀಟು ತೆಗೆದುಕೊಳ್ಳುವ ಮೊದಲೇ ಆಡಿ.

ಎಚ್ಚರಿಕೆ

ಕಾಲೇಜು ನೋಡುವಾಗ ಕಟ್ಟಡದ ಗಾಜಿಗೆ ಮರುಳಾಗಬೇಡಿ. ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ಅದರ ಪಟ್ಟಿಯಲ್ಲಿ ನೋಡಿ. ಮಣಿಪಾಲ, ಕೆಎಲ್‌ಇಯಂಥ ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಬೇರೆ ವ್ಯವಸ್ಥೆ. ಜಿಎನ್‌ಎಂ ಆದರೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿ. ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗದಿದ್ದರೆ ನೀವು ನರ್ಸ್ ಅಲ್ಲ, ಕೈಯಲ್ಲಿ ಎಂಥ ಸರ್ಟಿಫಿಕೇಟೇ ಇರಲಿ. ‘ಆರು ತಿಂಗಳ ನರ್ಸಿಂಗ್ ಕೋರ್ಸ್’ ಎಂಬ ಬೋರ್ಡುಗಳು ಕೊಡುವುದು ಸಹಾಯಕರ ತರಬೇತಿಯನ್ನು ಮಾತ್ರ.

ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಎಷ್ಟು ಹಾಸಿಗೆ, ಅವುಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಹೋಗಿಯೇ ನೋಡಿ. ಬೆಳಿಗ್ಗೆ ಹತ್ತಕ್ಕೆ ವಾರ್ಡಿನಲ್ಲಿ ವಿದ್ಯಾರ್ಥಿಗಳಿಲ್ಲದಿದ್ದರೆ ಆ ಕಾಲೇಜಿನಲ್ಲಿ ಕಲಿಸುವುದು ಕಾಗದದ ನರ್ಸಿಂಗ್. ‘ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಏಜೆಂಟರು ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಪಡೆದ ಪದವಿ ವಿದೇಶದ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಒಂದು ಅಪಾಯ. ಸಿಕ್ಕಿಬೀಳದೆ ರೋಗಿಯ ಮುಂದೆ ನಿಲ್ಲುವುದು ಅದಕ್ಕಿಂತ ದೊಡ್ಡ ಅಪಾಯ.

ಮೈಕೈ ವಿಚಾರ. ಬೆನ್ನುನೋವು, ಮೂರ್ಛೆರೋಗದಂಥ ತೊಂದರೆ ಇದ್ದರೆ ಸೇರುವ ಮೊದಲೇ ಡಾಕ್ಟರನ್ನು ಕೇಳಿ, ಮುಚ್ಚಿಟ್ಟು ಸೇರಬೇಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಆರು ತಿಂಗಳಲ್ಲಿ ಮುಗಿಯುತ್ತದೆ, ವಾರ್ಡಿಗೆ ಕಾಲಿಡುವ ಮೊದಲೇ ಶುರು ಮಾಡಿ. ಬಳಸಿದ ಸೂಜಿ ಚುಚ್ಚಿಕೊಂಡರೆ ಬೈಗುಳಕ್ಕೆ ಹೆದರಿ ಸುಮ್ಮನಿರುವ ವಿದ್ಯಾರ್ಥಿಗಳಿದ್ದಾರೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, 72 ಗಂಟೆಯೊಳಗೆ ಶುರು ಮಾಡಬೇಕು. ಚುಚ್ಚಿದ ಕೂಡಲೇ ಹೇಳುವುದು ಹಕ್ಕು ಎಂದು ತಿಳಿದಿರಿ.

ಬೇಡ ಅನ್ನಿಸಿದರೆ?

ಪರೀಕ್ಷೆಗಳನ್ನು ಮಾಡಿ ನೋಡಿ ಒಗ್ಗಲಿಲ್ಲವೆಂದರೆ ಆಸ್ಪತ್ರೆಯ ಬಾಗಿಲು ಮುಚ್ಚಿಹೋಯಿತು ಎಂದೇನಿಲ್ಲ. ಎಣಿಸಿ ಬರೆಯುವುದು ಇಷ್ಟವಾಗಿ, ಮೈ ಮುಟ್ಟುವುದು ಕಷ್ಟವಾದವರಿಗೆ ಪ್ರಯೋಗಾಲಯ ತಂತ್ರಜ್ಞಾನ ಅಥವಾ ಫಾರ್ಮಸಿ ಇದೆ. ರೋಗಿಯ ಜೊತೆ ಇರಬೇಕು, ರಾತ್ರಿ ಮಾತ್ರ ಆಗದು ಎನ್ನುವವರು ಫಿಸಿಯೋಥೆರಪಿ ನೋಡಿ.

ಸೇರಿದ ಮೇಲೆ ಬೇಡ ಅನ್ನಿಸಿದರೆ ಮೊದಲ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿಯೇ ತೀರ್ಮಾನ ಮಾಡಬೇಡಿ. ಮೊದಲ ಸಾವು, ಮೊದಲ ಬೈಗುಳ, ಮೊದಲ ರಾತ್ರಿ ಎಲ್ಲರನ್ನೂ ಅಲ್ಲಾಡಿಸುತ್ತವೆ. ಬೇರೆ ವಾರ್ಡಿನ ಎರಡನೇ ಪೋಸ್ಟಿಂಗ್ ಮುಗಿಯಲಿ. ಆಗಲೂ ಬೆಳಿಗ್ಗೆ ಸಮವಸ್ತ್ರ ತೊಡುವಾಗ ಹೊಟ್ಟೆ ತೊಳಸಿದರೆ ಮನೆಯಲ್ಲಿ ಹೇಳಿ. ಅದಕ್ಕಾಗಿಯೇ ಸೀಟು ತೆಗೆದುಕೊಳ್ಳುವ ದಿನ ಕಾಲೇಜಿನವರನ್ನು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ನಡುವೆ ಬಿಟ್ಟರೆ ಉಳಿದ ವರ್ಷಗಳ ಶುಲ್ಕ ಕಟ್ಟಬೇಕೇ, ಮೂಲ ಅಂಕಪಟ್ಟಿಗಳನ್ನು ಯಾವಾಗ ವಾಪಸು ಕೊಡುತ್ತೀರಿ. ಮೂಲ ದಾಖಲೆ ಕೊಡುವ ಮುನ್ನ ಪ್ರತಿಯೊಂದರ ದೃಢೀಕೃತ ನಕಲು ಮಾಡಿಸಿಟ್ಟುಕೊಳ್ಳಿ, ಕೊಟ್ಟದ್ದಕ್ಕೆ ಸಹಿ ಮೊಹರಿನ ರಸೀದಿ ಕೇಳಿ.